ಬಣ್ಣಕ್ಕೆ ಕಳಿಸುವ ಮುಂಚೆ

ಮಗಳು ಟೀಚರು, ಮಗಳು ಬ್ಯಾಂಕಿನಲ್ಲಿದ್ದಾಳೆ ಅಂದರೆ ಯಾರಿಗೂ ಹೆಚ್ಚು ವಿವರಿಸಬೇಕಾಗಿಲ್ಲ. "ನನ್ನ ಮಗಳು ಎಡಿಟಿಂಗ್ ಮಾಡುತ್ತಾಳೆ" ಅಂದರೆ ಮಾತ್ರ ನಮ್ಮ ಸಾಗರದಂಥ ಊರಿನಲ್ಲಿ ಕೇಳಿದವರ ಮುಖ ಒಂದು ಥರ ಆಗುತ್ತದೆ. "ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಸಿನಿಮಾ ನೋಡೋದೂ ಒಂದು ಕೆಲಸವೇ?" ಎಂದು ನನ್ನೆದುರೇ ಅಂದವರುಂಟು. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದ ನನಗೆ ಆಗ ಏನು ಹೇಳಬೇಕೋ ತೋಚುತ್ತಿರಲಿಲ್ಲ. ಈಗ ಅವಳ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ ನೋಡಿ ನೋಡಿ, ಒಂದಿಷ್ಟು ತಿಳಿದುಕೊಂಡಿದ್ದೇನೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಹೋದ ವರ್ಷ ಅವಳ ಕೈಗೆ ಬಂದದ್ದು 22 ನಿಮಿಷದ ಒಂದು ಸಾಕ್ಷ್ಯಚಿತ್ರ. ನಮ್ಮ ಕಡೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಅಡಿಕೆ ಸುಲಿಯುವ ಹೆಂಗಸರ ಕತೆ. ಚಿತ್ರ ಕತ್ತರಿಸಿ ಜೋಡಿಸುವುದು ಇವಳ ಪಾಲಿನದು. ಆಮೇಲೆ ಅದು ಬೆಂಗಳೂರಿಗೆ 'ಕಲರ್ ಗ್ರೇಡಿಂಗ್' ಮಾಡುವವರ ಬಳಿ ಹೋಗಬೇಕು.

ಹಾಗೆಂದರೇನು ಅಂತೀರಾ? ಬೆಳಿಗ್ಗೆ ತೆಗೆದದ್ದು ಒಂದು ಬಣ್ಣ, ಮಧ್ಯಾಹ್ನದ್ದು ಒಂದು ಬಣ್ಣ, ಬಲ್ಬಿನ ಬೆಳಕಿನದು ಮತ್ತೊಂದು. ಒಂದೇ ರಾತ್ರಿಯ ಕತೆ ಒಂದೇ ರಾತ್ರಿಯ ಹಾಗೆ ಕಾಣಬೇಕಾದರೆ ಒಂದೊಂದು ಶಾಟನ್ನೂ ಹದ ಮಾಡಬೇಕು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಆ ಕಾಲದಲ್ಲಿ ಈ ಕೆಲಸ ಲ್ಯಾಬಿನಲ್ಲಿ ನಡೆಯುತ್ತಿತ್ತು. ನೆಗೆಟಿವ್ ಮೂಲಕ ಹಾಯುವ ಕೆಂಪು, ಹಸಿರು, ನೀಲಿ ಬೆಳಕನ್ನು ಹೆಚ್ಚುಕಡಿಮೆ ಮಾಡಿ ಪ್ರಿಂಟು ತೆಗೆಯುತ್ತಿದ್ದರು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಅದಕ್ಕೆ ಬಳಸುವ 'ಡಾವಿಂಚಿ ರಿಸಾಲ್ವ್' ಎಂಬ ಸಾಫ್ಟ್‌ವೇರಿನ ಒಂದು ಆವೃತ್ತಿ ಪುಕ್ಕಟೆಯಾಗಿಯೂ ಸಿಗುತ್ತದೆ. ಸಿಕ್ಕರೇನು, ಕಣ್ಣು ಪಳಗಬೇಕಲ್ಲ! ಆ ಪಳಗಿದ ಕಣ್ಣಿಗೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕು. ಅವರ ಮುಂದೆ ಕೂತು ಫೈಲು ಹುಡುಕುತ್ತಾ ಅರ್ಧ ದಿನ ಕಳೆದರೆ ಆ ಹಣ ನೀರಿನಲ್ಲಿ ಹೋಮವಾದಂತೆ. ಅದಕ್ಕೇ ಕಳಿಸುವ ಮುಂಚಿನ ಸಿದ್ಧತೆ ಅಷ್ಟು ಮುಖ್ಯ.

ಮೊದಲು 'ಪಿಕ್ಚರ್ ಲಾಕ್' – ಚಿತ್ರಕ್ಕೆ ಬೀಗ. ಇನ್ನು ಒಂದು ಶಾಟೂ ಹಿಂದೆ ಮುಂದೆ ಆಗುವುದಿಲ್ಲ ಎಂದು ಎಲ್ಲರೂ ಒಪ್ಪಬೇಕು. 22 ನಿಮಿಷ ಅಂದರೆ ಸೆಕೆಂಡಿಗೆ 25 ಚಿತ್ರದಂತೆ 33,000 ಚಿತ್ರ. ಬೀಗ ಹಾಕಿದ ಮೇಲೆ ನಡುವೆ ಹತ್ತು ಚಿತ್ರ ತೆಗೆದರೂ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಆಮೇಲೆ ಕೆಲಸದ ಒಂದು ಪ್ರತಿ ತೆಗೆದಿಟ್ಟುಕೊಂಡು, ಇನ್ನೊಂದನ್ನು ಚೊಕ್ಕಟ ಮಾಡುತ್ತಾಳೆ. ಐದಾರು ಸಾಲಿನಲ್ಲಿ ಹರಡಿದ ಶಾಟುಗಳನ್ನು ಆದಷ್ಟು ಒಂದೇ ಸಾಲಿಗೆ ಇಳಿಸುವುದು, ಬೇಡವಾಗಿ ಅಡಗಿ ಕೂತ ತುಣುಕುಗಳನ್ನು ತೆಗೆಯುವುದು, ತಾತ್ಕಾಲಿಕವಾಗಿ ತಾನೇ ಹಚ್ಚಿದ್ದ ಬಣ್ಣವನ್ನು ಅಳಿಸುವುದು, ಅಕ್ಷರಗಳನ್ನು ಬೇರೆ ಇಡುವುದು. ನಿಧಾನಗೊಳಿಸಿದ್ದು, ದೊಡ್ಡದು ಮಾಡಿದ್ದು ಇದ್ದರೆ ಅದನ್ನೆಲ್ಲ ಬರೆದಿಡುತ್ತಾಳೆ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಇಂಥವೇ ದಾರಿಯಲ್ಲಿ ಕಳೆದುಹೋಗುವುದಂತೆ.

ಇನ್ನೊಂದು ಸೋಜಿಗ ಕೇಳಿ. ಎಡಿಟ್ ಮಾಡುವಾಗ ಇವಳ ಕಂಪ್ಯೂಟರಿನಲ್ಲಿ ಓಡುವುದು ಅಸಲು ಚಿತ್ರವಲ್ಲ, 'ಪ್ರಾಕ್ಸಿ' ಎಂಬ ಹಗುರ ನಕಲು. ಬಣ್ಣಕ್ಕೆ ಹೋಗಬೇಕಾದದ್ದು ಮಾತ್ರ ಕ್ಯಾಮೆರಾದ ಅಸಲು. ಅದನ್ನು ಮೊದಲ ಸಲ ನೋಡಿದಾಗ ನಾನು "ಅಯ್ಯೋ, ಹತ್ತು ಸಲ ಒಗೆದ ಸೀರೆ ಥರ ಇದೆಯಲ್ಲೇ!" ಅಂದೆ. 'ಲಾಗ್' ಎಂಬ ರೀತಿಯಲ್ಲಿ ತೆಗೆದರೆ ಹಾಗೆ ಮಾಸಲಾಗಿಯೇ ಕಾಣುವುದಂತೆ. ಬೆಳಕು ಕತ್ತಲೆಗಳ ವಿವರವೆಲ್ಲ ಅದರೊಳಗೆ ಭದ್ರವಾಗಿರುತ್ತದೆ, ಅದನ್ನು ಹೊರಗೆ ತೆಗೆಯುವುದೇ ಬಣ್ಣದವರ ಕೆಲಸ. ಆ ಫೈಲುಗಳಿಗೆ ಕ್ಯಾಮೆರಾ ಇಟ್ಟ ಹೆಸರನ್ನು ಬದಲಾಯಿಸಲೇ ಕೂಡದು. ಯಾಕೆಂದರೆ ಜೊತೆಗೆ ಹೋಗುವ ಪಟ್ಟಿ – ಎಕ್ಸ್‌ಎಂಎಲ್ ಅಥವಾ ಇಡಿಎಲ್ ಅನ್ನುತ್ತಾರೆ – ಯಾವ ಫೈಲಿನ ಎಲ್ಲಿಂದ ಎಲ್ಲಿವರೆಗೆ ತೆಗೆದುಕೊಳ್ಳಬೇಕೆಂದು ಆ ಹೆಸರು ಹಿಡಿದೇ ಹೇಳುತ್ತದೆ. ಬಳಸಿದ ತುಣುಕುಗಳನ್ನಷ್ಟೇ ಕಳಿಸುವುದಾದರೆ ಎರಡೂ ಕಡೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಹೆಚ್ಚಿಗೆ ಬಿಡುತ್ತಾರೆ, ದರ್ಜಿ ರವಿಕೆಯ ಒಳಗೆ ಬಟ್ಟೆ ಬಿಟ್ಟು ಹೊಲಿದ ಹಾಗೆ.

ಇದರ ಜೊತೆಗೆ ಇಡೀ ಚಿತ್ರದ ಒಂದು ಮಾದರಿ ಪ್ರತಿ, ಅದರ ಮೂಲೆಯಲ್ಲಿ ಓಡುವ ಸಮಯದ ಅಂಕಿ. ತಾವು ಜೋಡಿಸಿಕೊಂಡದ್ದು ಸರಿಯಿದೆಯೇ ಎಂದು ಅಲ್ಲಿಯವರು ಇದಕ್ಕೆ ತಾಳೆ ನೋಡುತ್ತಾರೆ. ಇವಳಂತೂ ಎಲ್ಲಕ್ಕೂ ಮೊದಲೇ ಒಂದು ನಿಮಿಷದ ತುಂಡನ್ನು ಇಂಟರ್‌ನೆಟ್ಟಿನಲ್ಲಿ ಕಳಿಸಿ, ಅಲ್ಲಿ ಸರಿಯಾಗಿ ತೆರೆಯಿತೇ ಎಂದು ಕೇಳಿಕೊಂಡಳು. ಅನ್ನ ಬೆಂದಿದೆಯೇ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ. ಹಾರ್ಡ್ ಡಿಸ್ಕ್ ಎರಡು. ಒಂದು ಹೋಗುವುದಕ್ಕೆ, ಒಂದು ನಮ್ಮ ಬೀರುವಿನಲ್ಲಿ. ನಕಲಾದದ್ದು ಅಸಲಿನಂತೆಯೇ ಇದೆಯೇ ಎಂದು 'ಚೆಕ್‌ಸಮ್' ಎಂಬ ಲೆಕ್ಕದಿಂದ ಕಂಪ್ಯೂಟರೇ ತಾಳೆ ನೋಡಿ ಹೇಳುತ್ತದೆ.

ಕೊನೆಯಲ್ಲಿ ಒಂದು ಚೀಟಿ. ಶಾಟು ಎಷ್ಟು, ಸೆಕೆಂಡಿಗೆ ಚಿತ್ರ ಎಷ್ಟು, ಎಲ್ಲಿ ಏನು ಗಮನಿಸಬೇಕು. ಅದರಲ್ಲಿ ಅವಳು ಎರಡು ಮಾತು ದಪ್ಪಕ್ಷರದಲ್ಲಿ ಬರೆದಿದ್ದಳು. ಒಂದು, 'ಚೊಗರು ಹಾಕಿ ಒಣಗಿಸಿದ ಕೆಂಪಡಿಕೆಯ ಬಣ್ಣ ಹೀಗಿರುತ್ತದೆ, ಜೊತೆಗೆ ಒಂದು ಹಿಡಿ ಅಡಿಕೆ ಇಟ್ಟಿದೆ.' ಇನ್ನೊಂದು, 'ಹೆಂಗಸರ ಮುಖದ ಬಣ್ಣ ಇದ್ದಂತೆಯೇ ಇರಲಿ, ಬೆಳ್ಳಗೆ ಮಾಡಬೇಡಿ.' ಚೀಟಿಯ ಪ್ರತಿ ಚಿತ್ರಕ್ಕೆ ಹಣ ಹಾಕಿದವರಿಗೂ ಹೋಗಿ, ಅವರ ಒಪ್ಪಿಗೆ ಬರಹದಲ್ಲೇ ಬಂತು. ಇವರು ರಾತ್ರಿ ರೈಲಿನಲ್ಲಿ ಡಿಸ್ಕನ್ನು ಎದೆಗವಚಿಕೊಂಡೇ ಬೆಂಗಳೂರಿಗೆ ಒಯ್ದರು.

ಮೂರನೆಯ ದಿನ ರಾತ್ರಿ ಹಣ ಹಾಕಿದವರ ಫೋನು. "ಹೆಂಗಸರು ತೀರಾ ಕಪ್ಪು ಕಾಣ್ತಾರಲ್ಲಮ್ಮ. ಸ್ವಲ್ಪ ಬೆಳ್ಳಗೆ ಮಾಡಿಸಿಬಿಡು, ನೋಡೋರಿಗೆ ಚೆನ್ನಾಗಿರುತ್ತೆ."

ನನ್ನ ಎದೆ ಧಸಕ್ಕೆಂದಿತು. ಅವಳ ಸಂಬಳದ ಅರ್ಧ ಹಣ ಇನ್ನೂ ಅವರ ಕೈಯಲ್ಲೇ ಇತ್ತು. ಅದೂ ಅಲ್ಲದೆ, ನನ್ನ ಮಗಳೂ ಎಣ್ಣೆಗೆಂಪು. ಹಿಂದಿನ ವರ್ಷ ನೋಡಿ ಹೋದ ಗಂಡಿನ ಕಡೆಯವರು "ಹುಡುಗಿ ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿಕಳಿಸಿದ್ದರು. ಆಗ ಅವಳು ತುಟಿ ಬಿಚ್ಚಿರಲಿಲ್ಲ.

ಈಗ ಬಿಚ್ಚಿದಳು. ದನಿ ಏರಿಸಲಿಲ್ಲ. "ಸರ್, ಮುಖ ಕತ್ತಲಲ್ಲಿ ಮುಚ್ಚಿಹೋಗಿದ್ದರೆ ಬೆಳಕು ಎತ್ತಿಸೋಣ, ಕಣ್ಣು ಕೆನ್ನೆ ಕಾಣಲಿ. ಬಣ್ಣ ಬದಲಾಯಿಸೋದು ಬೇಡ. ನಾಳೆ ಆ ಹೆಂಗಸರೇ ಚಿತ್ರ ನೋಡೋಕೆ ಬರ್ತಾರೆ. ಚೀಟಿಯಲ್ಲಿ ಹಾಗೇ ಇದೆ, ನೀವೂ ಒಪ್ಪಿದ್ದೀರಿ. ಈಗ ಬದಲಾಯಿಸಿದರೆ ಮಾಡಿದ ಶಾಟುಗಳನ್ನೆಲ್ಲ ಮತ್ತೆ ಮಾಡಬೇಕು, ಇನ್ನೊಂದು ದಿನದ ಖರ್ಚು ಬರುತ್ತೆ."

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಬಿಡಮ್ಮ, ಬರೆದ ಹಾಗೇ ಆಗಲಿ" ಎಂದು ಫೋನಿಟ್ಟರು. ಬಾಕಿ ಹಣ ಒಂದೂವರೆ ತಿಂಗಳಿಗೆ ಬಂತು. ಬರುವ ತನಕ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ ಅನ್ನಿ.

ಆ ಹೆಂಗಸರ ಊರಿನ ಶಾಲೆಯಲ್ಲೇ ಚಿತ್ರ ತೋರಿಸಿದರು. ಮಾಸಲಾಗಿದ್ದ ಆ ರಾತ್ರಿಗೆ ಜೀವ ಬಂದಿತ್ತು. ಬಲ್ಬಿನ ಬೆಳಕು ಹಳದಿ, ಹಂಡೆಯ ಚೊಗರು ಗಾಢ ಕೆಂಪು, ಮುಖಗಳು ಅವರವರ ಮುಖಗಳೇ. ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಹಿಡಿದು, "ಅಯ್ಯ, ನಾನೇ ಕಣೇ ಅದು!" ಎಂದು ಪಕ್ಕದವಳನ್ನು ತಿವಿದರು.

ನಮ್ಮ ಕೈ ದಾಟಿ ಹೋಗುವ ಯಾವುದರ ಮೇಲೂ ಆಮೇಲೆ ನಮ್ಮ ಮಾತು ನಡೆಯುವುದಿಲ್ಲ ಅಂತ ನಾವೆಲ್ಲ ಬೆಳೆದವರು. ಸರಿಯಾಗಿ ಜೋಡಿಸಿ, ಹೆಸರು ಕೆಡಿಸದೆ, ಬೇಕಾದ್ದನ್ನು ಬರೆದು ಕಳಿಸಿದರೆ, ನಾವಿಲ್ಲದ ಕಡೆಯಲ್ಲೂ ನಮ್ಮ ಮಾತು ನಿಲ್ಲುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಮಗಳು. ನಿಮ್ಮ ಮನೆಯಲ್ಲೂ ಇಂಥ ಕೆಲಸ ಮಾಡುವ ಹುಡುಗಿಯಿದ್ದರೆ, ಒಂದು ಸಂಜೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ನೋಡಿ. ಸೊಪ್ಪು ಬಿಡಿಸುವುದೂ ಆಗುತ್ತದೆ.