ಪುಟದ ಆಚೆ ಬದಿಯಲ್ಲಿ ಯಾರಿದ್ದಾರೆ?

ಮನೆ ಕಟ್ಟಿದ ಮೇಸ್ತ್ರಿಯನ್ನು ಊರವರು ನೆನಪಿಟ್ಟುಕೊಳ್ಳುತ್ತಾರೆ. ಪುಸ್ತಕಕ್ಕೆ ಮುಖಪುಟ ಬರೆದವರ ಹೆಸರು ಒಳಗೆ ಅಚ್ಚಾಗುತ್ತದೆ. ಜಾಲತಾಣಗಳ ಪುಟ ವಿನ್ಯಾಸ ಮಾಡುವ ನಮ್ಮಂಥವರ ಹೆಸರು ಎಲ್ಲಿಯೂ ಇರುವುದಿಲ್ಲ. ಅದರ ಬಗ್ಗೆ ನಮಗೆ ಬೇಸರವೂ ಇಲ್ಲ. ಕರೆಂಟ್ ಬಿಲ್ಲು ಕಟ್ಟುವಾಗ, ಮಕ್ಕಳ ಫಲಿತಾಂಶ ನೋಡುವಾಗ, ರೈಲು ಟಿಕೆಟ್ ಕಾದಿರಿಸುವಾಗ ಕೆಲಸ ಸಲೀಸಾಗಿ ಮುಗಿದರೆ ವಿನ್ಯಾಸ ಎಂಬುದೊಂದು ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಮುಗಿಯದಿದ್ದಾಗ ಮಾತ್ರ ‘ಸರ್ವರ್ ಡೌನ್’ ಎಂದು ಬೈದು ಏಳುತ್ತಾರೆ. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ. ಆದರೆ ಆ ಪುಟವನ್ನು ಅವರನ್ನು ನೆನೆದು ಮಾಡಿರುವುದಿಲ್ಲ.

ಮಂಗಳೂರಿನ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನಮ್ಮದು ನಾಲ್ಕು ಮೇಜುಗಳ ಕಚೇರಿ. ಶಾಲೆ, ಮದುವೆ ಹಾಲ್, ಕ್ಲಿನಿಕ್, ಟ್ರಾವೆಲ್ ಏಜೆನ್ಸಿ, ವಿದ್ಯಾರ್ಥಿವೇತನ ಕೊಡುವ ಟ್ರಸ್ಟ್, ಇವರೇ ನಮ್ಮ ಗಿರಾಕಿಗಳು. ಬಂದವರು ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: “ಈಗ ಯಾವುದು ಟ್ರೆಂಡ್ ಮಾರಾಯ್ರೆ? ಅದನ್ನೇ ಹಾಕಿ.” ನಿಮ್ಮ ಪುಟವನ್ನು ಯಾರು ನೋಡುತ್ತಾರೆ, ಯಾವ ಫೋನಿನಲ್ಲಿ ನೋಡುತ್ತಾರೆ ಎಂದು ನಾವು ಕೇಳಿದರೆ ಅವರಿಗೆ ಆಶ್ಚರ್ಯ. “ಎಲ್ಲರೂ ನೋಡುತ್ತಾರಲ್ಲ” ಎಂದುಬಿಡುತ್ತಾರೆ. ಈ ‘ಎಲ್ಲರೂ’ ಎಂಬ ಮಾತೇ ನಮ್ಮ ಕಸುಬಿನ ದೊಡ್ಡ ತೊಡಕು.

ಟ್ರೆಂಡ್‌ಗಳೇನೂ ಶಾಶ್ವತವಲ್ಲ. ಒಂದು ಕಾಲದಲ್ಲಿ ಪುಟದ ಮೇಲೆ ಅಕ್ಷರಗಳು ರೈಲಿನಂತೆ ಓಡಬೇಕಿತ್ತು. ಕೆಳಗೆ ಸಂದರ್ಶಕರ ಸಂಖ್ಯೆ ತೋರಿಸುವ ಮೀಟರ್ ಇರಬೇಕಿತ್ತು. ಆಮೇಲೆ ಫ್ಲ್ಯಾಶ್ ಬಂತು. ಜಾಲತಾಣ ತೆರೆದರೆ ಮೊದಲು ಸಂಗೀತ, ಹಾರಾಡುವ ಹೂಗಳು, ನಂತರವೇ ಒಳಗೆ ಪ್ರವೇಶ. 2007ರಲ್ಲಿ ಐಫೋನ್ ಬಂದಾಗ ಅದರಲ್ಲಿ ಫ್ಲ್ಯಾಶ್ ಇರಲಿಲ್ಲ. 2020ರ ಕೊನೆಯ ದಿನ ಅಡೋಬಿ ಸಂಸ್ಥೆ ಫ್ಲ್ಯಾಶ್‌ಗೆ ಪೂರ್ತಿ ವಿದಾಯ ಹೇಳಿತು. ಹಣ ಸುರಿದು ಮಾಡಿಸಿದ್ದ ಆ ಹೆಬ್ಬಾಗಿಲುಗಳು ಖಾಲಿ ಚೌಕಗಳಾಗಿ ಉಳಿದವು. ನಡುವೆ 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕ, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳಬೇಕು ಎಂಬ ವಿಚಾರವನ್ನು ಬರೆದು ತಿಳಿಸಿದರು. ಅದು ಮಾತ್ರ ಉಳಿಯಿತು. ಏಕೆಂದರೆ ಅದು ಅಲಂಕಾರವಾಗಿರಲಿಲ್ಲ, ಎದುರಿಗಿರುವವನ ಕೈಯಲ್ಲಿ ಏನಿದೆ ಎಂದು ನೋಡುವ ಸೌಜನ್ಯವಾಗಿತ್ತು.

ಪ್ರತಿಯೊಂದು ಟ್ರೆಂಡ್‌ನ ಹಿಂದೆಯೂ ಒಬ್ಬ ಕಾಲ್ಪನಿಕ ಓದುಗನಿರುತ್ತಾನೆ. ಅವನ ಕಣ್ಣು ಚುರುಕು, ಫೋನು ಹೊಸದು, ನೆಟ್‌ವರ್ಕ್ ತುಂಬಿ ತುಳುಕುತ್ತಿರುತ್ತದೆ, ಭಾಷೆ ಇಂಗ್ಲಿಷ್. ನಮ್ಮ ಊರಿನ ಓದುಗರಲ್ಲಿ ಇಂಥವರು ಇಲ್ಲವೆಂದಲ್ಲ. ಆದರೆ ಅವರೇ ಎಲ್ಲರೂ ಅಲ್ಲ.

ಮೊದಲು ಅಕ್ಷರವನ್ನೇ ನೋಡಿ. ಇಂಗ್ಲಿಷ್ ಸಾಲು ಹೆಚ್ಚು ಕಡಿಮೆ ಒಂದೇ ಪಟ್ಟಿಯೊಳಗೆ ಕೂರುತ್ತದೆ. ಕನ್ನಡದ ಸಾಲಿಗೆ ಮಹಡಿಯೂ ಬೇಕು, ನೆಲಮಾಳಿಗೆಯೂ ಬೇಕು. ಗುಡಿಸು ಮೇಲೆ ಹೋಗುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎಂಬಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತು. ಇಂಗ್ಲಿಷಿಗೆಂದು ಅಳೆದ ಬಟನ್‌ನೊಳಗೆ ಕನ್ನಡ ಪದ ತುರುಕಿದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಒತ್ತು ಹೋದರೆ ಪದವೇ ಬೇರೆ. ‘ಹಳ್ಳಿ’ಯ ಒತ್ತು ಕಾಣದಿದ್ದರೆ ಉಳಿಯುವುದು ‘ಹಳಿ’. ಇಂಗ್ಲಿಷಿನಲ್ಲಿ ಶೀರ್ಷಿಕೆಗೆ ದೊಡ್ಡಕ್ಷರ ಬಳಸಿ ಗಾಂಭೀರ್ಯ ತರುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಅಕ್ಷರಗಳ ನಡುವೆ ಅಂತರ ಬಿಟ್ಟು ಹರಡುವ ಟ್ರೆಂಡ್ ಇದೆ. ಕನ್ನಡದಲ್ಲಿ ಹಾಗೆ ಮಾಡಿದರೆ ಪದ ಉದುರಿಬಿದ್ದ ಹಲ್ಲಿನಂತೆ ಕಾಣುತ್ತದೆ. ‘ತೆಗೆದುಕೊಳ್ಳಬೇಕಾಗಿರುವುದರಿಂದ’ ಎಂಬಂಥ ಒಂದೇ ಪದ ಸಣ್ಣ ಫೋನಿನ ಇಡೀ ಸಾಲನ್ನು ನುಂಗುತ್ತದೆ. ಎರಡೂ ಅಂಚು ಸಮ ಮಾಡಲು ಹೊರಟರೆ ನಡುವೆ ಗುಂಡಿಗಳು ಬೀಳುತ್ತವೆ. ಗಿರಾಕಿಗಳಿಗೆ ನಾವು ಹೇಳುವುದಿಷ್ಟೆ: ಸಾಲುಗಳ ನಡುವೆ ಗಾಳಿಯಾಡಲಿ, ಎಡ ಅಂಚು ಮಾತ್ರ ನೇರವಿರಲಿ, ಬಟನ್ ಪದಕ್ಕೆ ತಕ್ಕಂತೆ ಬೆಳೆಯಲಿ. “ಇಂಗ್ಲಿಷ್ ಪುಟ ಚಂದ ಕಾಣುತ್ತದೆ, ಕನ್ನಡದ್ದು ಯಾಕೆ ಹೀಗೆ?” ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ. ಬೇರೊಬ್ಬರ ಅಳತೆಯ ಅಂಗಿ ಯಾರಿಗೂ ಚಂದ ಕಾಣುವುದಿಲ್ಲ.

ಇಷ್ಟು ಮಾಡಲು ಸಾಧ್ಯವಾದದ್ದೂ ಈಚೆಗೆ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗವಿತ್ತು. ಆದರೆ ಕಂಪ್ಯೂಟರಿನ ಪರದೆಗೆ ಅದು ಬರಲು ಬಹಳ ವರ್ಷ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಜೊತೆಗೇ ಬಂತು. ಅದಕ್ಕೂ ಮುಂಚೆ ಮತ್ತು ಆಮೇಲೂ ಬಹಳ ಕಾಲ ನಮಗೆ ಆಧಾರವಾಗಿದ್ದುದು ‘ಬರಹ’ ಮತ್ತು ‘ನುಡಿ’. ಉಚ್ಚಾರಕ್ಕೆ ತಕ್ಕಂತೆ ಕೀಲಿ ಒತ್ತುವ ಕ್ರಮವನ್ನು ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ರೂಪಿಸಿರದಿದ್ದರೆ ಎಷ್ಟು ಜನ ಕನ್ನಡ ಟೈಪ್ ಮಾಡುತ್ತಿದ್ದರೋ! ಆ ದಿನಗಳಲ್ಲಿ ಕನ್ನಡ ಪುಟಗಳ ಮೂಲೆಯಲ್ಲಿ ‘ಓದಲಾಗದಿದ್ದರೆ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಇರುತ್ತಿತ್ತು. ಕೊಲ್ಲಿ ರಾಷ್ಟ್ರಗಳಲ್ಲಿದ್ದ ನಮ್ಮ ಹುಡುಗರಿಗೆ ಆ ಸೂಚನೆ ಒಂದು ಗೋಡೆ. ಜುಬೈಲ್‌ನಲ್ಲೋ ದಮಾಮ್‌ನಲ್ಲೋ ಕಂಪನಿಯ ಕಂಪ್ಯೂಟರಿಗೆ ಫಾಂಟ್ ಹಾಕುವ ಅನುಮತಿ ಅವರಿಗಿರುತ್ತಿರಲಿಲ್ಲ. ಊರಿನ ಸುದ್ದಿ ಪರದೆಯ ಮೇಲೆ ಅರ್ಥವಾಗದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಆದ್ದರಿಂದ ಅನೇಕರು ಅಕ್ಷರಗಳ ಬದಲು ಅಕ್ಷರಗಳ ಚಿತ್ರವನ್ನೇ ಹಾಕುತ್ತಿದ್ದರು. ಓದಲು ಸಿಗುತ್ತಿತ್ತು, ಹುಡುಕಲು ಸಿಗುತ್ತಿರಲಿಲ್ಲ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ.

ಉರ್ದುವಿನ ಪಾಡು ಇನ್ನೂ ಕಠಿಣ. ನಮಗೆ ಆಗಾಗ ಕನ್ನಡ, ಉರ್ದು ಎರಡೂ ಬೇಕೆನ್ನುವ ಸಂಸ್ಥೆಗಳ ಕೆಲಸ ಬರುತ್ತದೆ. ಉರ್ದು ಬಲದಿಂದ ಎಡಕ್ಕೆ ಹೋಗುವುದಷ್ಟೇ ಅಲ್ಲ, ಅದರ ನಸ್ತಾಲೀಕ್ ಬರವಣಿಗೆ ಮೇಲಿನಿಂದ ಕೆಳಕ್ಕೆ ಓರೆಯಾಗಿ ಜಾರುತ್ತದೆ. ಪತ್ರಿಕೆಗಳಲ್ಲಿ ಅದನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ದಿನಪತ್ರಿಕೆ ಕೈಬರಹಕ್ಕೇ ಪ್ರಸಿದ್ಧ. ಯಂತ್ರಕ್ಕೆ ಆ ಸೊಬಗು ಕಲಿಸಲು ಅಕ್ಷರಗಳ ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ಬರೆದು ಸೇರಿಸಬೇಕಾಯಿತು. ಜಾಲದ ಮೇಲೆ ಬಹುಕಾಲ ಉರ್ದು ಓದುಗರಿಗೆ ಸಿಕ್ಕಿದ್ದು ಎರಡೇ ದಾರಿ: ಅರಬಿ ಶೈಲಿಯ ನಸ್ಖ್ ಅಕ್ಷರದಲ್ಲಿ ಓದುವುದು, ಇಲ್ಲವೇ ಪುಟದ ಚಿತ್ರ ನೋಡುವುದು. ಹಳೆಯ ಓದುಗರೊಬ್ಬರು ನಮ್ಮ ಕಚೇರಿಯಲ್ಲಿ ನಸ್ಖ್‌ನಲ್ಲಿದ್ದ ಪುಟ ನೋಡಿ, “ಅಕ್ಷರ ಗೊತ್ತಾಗುತ್ತದೆ, ನಮ್ಮದು ಎಂದು ಅನಿಸುವುದಿಲ್ಲ” ಎಂದಿದ್ದರು. ಈಗ ಒಳ್ಳೆಯ ನಸ್ತಾಲೀಕ್ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಫೈಲು ಭಾರ ಎಂದು ಅದನ್ನು ಕೈಬಿಡುವ ವಿನ್ಯಾಸಕರೂ ಇದ್ದಾರೆ. ಅದೇ ಪುಟದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಭಾರದ ಅಧ್ಯಕ್ಷರ ಫೋಟೋ ಇರುತ್ತದೆ!

ಅಕ್ಷರದ ಮಾತು ಇರಲಿ, ಅದು ಕಣ್ಣಿನ ತೊಂದರೆ ಎಂದು ಬೇಕಾದರೆ ಸಹಿಸೋಣ. ಹೆಸರಿನ ಮಾತು ಹಾಗಲ್ಲ. ಯಾವ ಅರ್ಜಿ ನಮೂನೆ ತೆರೆದರೂ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಎರಡರ ಪಕ್ಕದಲ್ಲೂ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಕೊನೆಯ ಹೆಸರು ಎಂಬುದು ಎಷ್ಟು ಜನರಿಗಿದೆ? ಒಬ್ಬಳು ಬರೀ ಝೊಹರಾ, ಇನ್ನೊಬ್ಬಳು ಬರೀ ಸೀತಮ್ಮ. ಹಲವರಿಗೆ ಊರಿನ, ತಂದೆಯ, ಮನೆಯ ಹೆಸರು ಮುಂದೆ ಇನಿಶಿಯಲ್ ಆಗಿ ನಿಂತಿರುತ್ತದೆ. ಖಾನೆ ತುಂಬಲೇಬೇಕಲ್ಲ ಎಂದು ಸೈಬರ್ ಅಂಗಡಿಯ ಹುಡುಗ ಒಂದು ಕಡೆ ಚುಕ್ಕಿ ಒತ್ತುತ್ತಾನೆ, ಇನ್ನೊಂದು ಕಡೆ ಅದೇ ಹೆಸರನ್ನು ಮತ್ತೆ ಬರೆಯುತ್ತಾನೆ, ಮತ್ತೊಂದು ಕಡೆ ತನಗೆ ತೋಚಿದಂತೆ ‘ಬಾನು’ ಎಂದು ಸೇರಿಸುತ್ತಾನೆ. ಮೂರು ದಾಖಲೆಯಲ್ಲಿ ಮೂರು ಹೆಸರಾಗುತ್ತದೆ. ಬಳಿಕ ಬ್ಯಾಂಕಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅಫಿಡವಿಟ್ ಮಾಡಿಸಲು ನೋಟರಿಯ ಬಳಿ ಓಡಬೇಕಾಗುತ್ತದೆ.

2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಯುಎಇ ಪ್ರವೇಶವಿಲ್ಲ ಎಂದು ವಿಮಾನ ಸಂಸ್ಥೆಗಳು ಪ್ರಕಟಿಸಿದವು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಸಾಕು ಎಂಬ ವಿವರಣೆ ಬಳಿಕ ಬಂತು. ಆ ಕೆಲವು ದಿನ ಕರಾವಳಿಯ ಎಷ್ಟು ಮನೆಗಳಲ್ಲಿ ಪಾಸ್‌ಪೋರ್ಟ್ ತೆಗೆದು ಬಿಡಿಸಿ ನೋಡಿರಬಹುದು ಎಂದು ಊಹಿಸಿ. ಮಗನ ಬಳಿಗೆ ಹೊರಟ ತಾಯಿಗೆ, ತನ್ನ ಹೆಸರು ಒಂದೇ ಪದದ್ದು ಎಂಬುದು ತಪ್ಪೆಂದು ಆವರೆಗೆ ಯಾರೂ ಹೇಳಿರಲಿಲ್ಲ. ಯಾವುದೋ ದೇಶದ ಹೆಸರಿನ ಪದ್ಧತಿ ಎರಡು ಖಾನೆಯಾಗಿ, ಖಾನೆ ನಿಯಮವಾಗಿ, ನಿಯಮ ಗಡಿಯಾಗಿ ನಿಲ್ಲುವುದು ಹೀಗೆ.

ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಯನ್ನು ನಾವು ಮಾಡಿಕೊಟ್ಟಾಗ ಅದರಲ್ಲಿ ಇಟ್ಟಿದ್ದು ಒಂದೇ ಖಾನೆ: ‘ಅಂಕಪಟ್ಟಿಯಲ್ಲಿ ಇರುವಂತೆ ನಿಮ್ಮ ಪೂರ್ಣ ಹೆಸರು’. ಟ್ರಸ್ಟಿನವರಿಗೆ ಸಮಾಧಾನವಾಗಲಿಲ್ಲ. “ಎಲ್ಲ ಕಡೆ ಎರಡು ಇರುತ್ತದಲ್ಲ, ನಮ್ಮದು ಹಳೆಯ ಕಾಲದ್ದಾಗಿ ಕಾಣುವುದಿಲ್ಲವೇ?” ಎಂದರು. ಹಿಂದಿನ ವರ್ಷದ ಕಾಗದದ ಅರ್ಜಿಗಳ ಕಟ್ಟನ್ನು ಅವರ ಮುಂದೆಯೇ ಬಿಚ್ಚಿ, ಒಂದೇ ಹೆಸರಿನ ಮಕ್ಕಳ ಅರ್ಜಿಗಳನ್ನು ಬೇರೆ ಇಟ್ಟೆವು. ಆ ಗುಡ್ಡೆಯನ್ನು ನೋಡಿದ ಮೇಲೆ ಅವರು ಮತ್ತೆ ಮಾತಾಡಲಿಲ್ಲ.

ಇವೆಲ್ಲ ಅರಿಯದೆ ಆಗುವ ಅನ್ಯಾಯ. ಅರಿತೇ ಮಾಡುವುದೂ ಇದೆ. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕ 2010ರಲ್ಲಿ ಅದಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನೀವು ಕೇಳದ ವಿಮೆಯನ್ನು ಟಿಕೆಟಿನ ಜೊತೆ ಸೇರಿಸಿಬಿಡುವುದು, ‘ಎರಡೇ ಉಳಿದಿವೆ’ ಎಂದು ಸುಳ್ಳು ಗಡಿಬಿಡಿ ಹುಟ್ಟಿಸುವುದು, ಚಂದಾದಾರರಾಗಲು ಒಂದು ಕ್ಲಿಕ್, ಬಿಡಲು ಹತ್ತು ಕ್ಲಿಕ್ ಇಡುವುದು, ‘ಬೇಡ’ ಎಂಬುದನ್ನು ಮಸುಕು ಬಣ್ಣದಲ್ಲಿ ಅಡಗಿಸುವುದು. ನಮ್ಮ ದೇಶದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂಥ 13 ಬಗೆಯ ಕುತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ತಕ್ಕಡಿಯ ಕೆಳಗೆ ಬೆರಳಿಡುವ ವ್ಯಾಪಾರಿಯನ್ನು ಸಂತೆಯಲ್ಲಿ ಜನ ಹಿಡಿಯುತ್ತಾರೆ. ಪರದೆಯ ಮೇಲೆ ಬೆರಳಿಟ್ಟವನು ಕಾಣುವುದಿಲ್ಲ. ಆ ಬೆರಳು ನಮ್ಮ ಕಸುಬಿನವರದು ಎಂಬುದನ್ನು ನಾವು ಒಪ್ಪಲೇಬೇಕು. “ಪುಟ ತೆರೆದ ಕೂಡಲೇ ನಂಬರ್ ಕೇಳಿ, ಕೊಡದಿದ್ದರೆ ಮುಂದೆ ಬಿಡಬೇಡಿ” ಎಂದು ಹೇಳುವ ಗಿರಾಕಿಗಳು ಬರುತ್ತಾರೆ. ಆಗುವುದಿಲ್ಲ ಎನ್ನುತ್ತೇವೆ. ಕೆಲವರು ಕೇಳುತ್ತಾರೆ, ಕೆಲವರು ಬೇರೆಯವರ ಬಳಿ ಮಾಡಿಸಿಕೊಳ್ಳುತ್ತಾರೆ. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ ಆ ‘ಆಗುವುದಿಲ್ಲ’ ಸ್ವಲ್ಪ ಭಾರವಾಗುತ್ತದೆ, ನಿಜ.

ಮುಗಿಯದೆ ಉರುಳುತ್ತಲೇ ಇರುವ ಪುಟವನ್ನು ನೀವು ನಿತ್ಯ ನೋಡುತ್ತೀರಿ. 2006ರಲ್ಲಿ ಅದನ್ನು ರೂಪಿಸಿದ ಏಝಾ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಪುಸ್ತಕಕ್ಕೆ ಅಧ್ಯಾಯವಿದೆ, ಪತ್ರಿಕೆಗೆ ಕೊನೆಯ ಪುಟವಿದೆ, ಮಾತಿಗೂ ಒಂದು ‘ಸರಿ, ಬರ್ತೇನೆ’ ಇದೆ. ಓದುವವನಿಗೆ ಎದ್ದು ಹೋಗಲು ಬಿಡುವುದೂ ಮರ್ಯಾದೆಯೇ ಅಲ್ಲವೇ?

ನಮ್ಮಲ್ಲಿ ಒಂದು ಹಳೆಯ ಅಗ್ಗದ ಫೋನಿದೆ. ಅದರ ಗಾಜಿನಲ್ಲಿ ಸೀಳು ಬಿದ್ದಿದೆ. ಯಾವ ಪುಟ ಮಾಡಿದರೂ ಅದನ್ನು ಆ ಫೋನಿನಲ್ಲಿ ತೆರೆದು, ಮಧ್ಯಾಹ್ನದ ಬಿಸಿಲಿನಲ್ಲಿ ಕೆಳಗಿನ ಬಸ್ ನಿಲ್ದಾಣಕ್ಕೆ ಹೋಗಿ ನೋಡುತ್ತೇವೆ. ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರ ಹಾಕುವ ಟ್ರೆಂಡ್ ಎಲ್ಲ ಅಲ್ಲಿ ಕರಗಿಹೋಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸವಿರಬೇಕೆಂದು 2008ರಿಂದಲೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತಿದೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಸಮಯ ಕೇಳಲು ಬರುವ ಹಿರಿಯರ ಪುಟದಲ್ಲೇ ಆ ನಿಯಮ ಮುರಿದಿರುವುದನ್ನು ನಾವು ಕಂಡಿದ್ದೇವೆ.

ಈಗ ಹೊಸ ಮಾತು ಕೃತಕ ಬುದ್ಧಿಮತ್ತೆಯದು. ನಾಲ್ಕು ಸಾಲು ಹೇಳಿದರೆ ನಿಮಿಷದಲ್ಲಿ ಪುಟ ಸಿದ್ಧ. ನಾವೂ ಬಳಸುತ್ತೇವೆ, ಕೆಲಸ ಹಗುರವಾಗುತ್ತದೆ. ಆದರೆ ಅದು ಕಲಿತಿರುವುದು ಜಗತ್ತಿನಲ್ಲಿ ಈಗಾಗಲೇ ಇರುವ ಪುಟಗಳಿಂದ. ಅರ್ಜಿ ನಮೂನೆ ಬೇಕೆಂದರೆ ಕೇಳದೆಯೇ ಎರಡು ಖಾನೆ, ಎರಡು ಕೆಂಪು ನಕ್ಷತ್ರ ಇಟ್ಟುಕೊಡುತ್ತದೆ. ಝೊಹರಾ ಏನು ಬರೆಯಬೇಕು ಎಂದು ಅದನ್ನು ಯಾರಾದರೂ ಕೇಳಬೇಕು.

ಹಾಗೆ ಕೇಳುವ ಹಕ್ಕು ವಿನ್ಯಾಸಕರಿಗೆ ಮಾತ್ರ ಇರುವುದಲ್ಲ. ನಿಮ್ಮಲ್ಲಿ ಯಾರಾದರೂ ಶಾಲೆಗೋ ಸಂಘಕ್ಕೋ ಅಂಗಡಿಗೋ ಜಾಲತಾಣ ಮಾಡಿಸುವವರಿದ್ದರೆ, ಹಣ ಕೊಡುವ ಮೊದಲು ಮನೆಯ ಹಿರಿಯರ ಕೈಗೆ ಫೋನ್ ಕೊಡಿ. ಅವರು ಅದರಲ್ಲಿ ವಿಳಾಸ ಹುಡುಕಲಿ, ತಮ್ಮ ಹೆಸರು ಬರೆಯಲಿ, ಬೇಡವೆನಿಸಿದರೆ ಹೊರಗೆ ಬರಲಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ ಎಂದು ನಿಮ್ಮ ವಿನ್ಯಾಸಕರಿಗೆ ಹೇಳಿ. ಟ್ರೆಂಡ್ ಏನೆಂದು ಆಮೇಲೆ ಮಾತಾಡಬಹುದು.