ಅಡ ಇಡಲಾಗದ ಉಂಗುರ

ಕೊಟ್ಟೂರಿನ ನಮ್ಮ ಮನೆಯಲ್ಲಿ ವಜ್ರದ ಮಾತು ಮೊದಲು ಎದ್ದದ್ದು 2023ರ ಏಪ್ರಿಲ್‌ನಲ್ಲಿ. ತಮ್ಮನಿಗೆ ಹರಪನಹಳ್ಳಿಯ ಹುಡುಗಿ ಗೊತ್ತಾಗಿದ್ದಳು. ಬಸವ ಜಯಂತಿ ಕಳೆದ ಮೇಲೆ ನಿಶ್ಚಯ ಮಾಡಿರೆಂದು ಅಯ್ಯನವರು ದಿನ ಹೇಳಿದ್ದರು. ಬೆಂಗಳೂರಿನಲ್ಲಿ ನೌಕರಿಗಿದ್ದ ತಮ್ಮ ಫೋನಿನಲ್ಲಿ, "ಅವ್ವಾ, ಉಂಗುರ ಡೈಮಂಡ್‌ದೇ ತರಾಣ" ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ವಜ್ರ ಎಲ್ಲಾರ್ಗೂ ಆಗಿ ಬರಂಗಿಲ್ಲಪ್ಪಾ. ಮೂರು ರಾತ್ರಿ ತಲೆದಿಂಬಿನ ಬುಡಕ ಇಟ್ಕಂಡು ಮಲಗಬೇಕು. ಕೆಟ್ಟ ಕನಸು ಬಿದ್ರ ವಾಪಸ್ ಕೊಡಬೇಕು. ನಿಮ್ಮ ಅಂಗಡ್ಯಾರು ಕನಸಿನ ಲೆಕ್ಕದಾಗ ವಾಪಸ್ ತಗಂತಾರೇನು ಕೇಳು" ಎಂದಳು.

ಆವತ್ತೇ ಸಂಜೆ ಕೂಡ್ಲಿಗಿಯಿಂದ ಸೋದರಮಾವ ಬಂದಿದ್ದ. ವಜ್ರ ಎಂದದ್ದೇ ತಡ, ಅವನ ಹಳೆಯ ಕತೆ ಹೊರಬಿತ್ತು. ಶೇಂಗಾ ಕೈಕೊಟ್ಟ ಒಂದು ವರ್ಷ ಅವನೂ ಅವನ ಗೆಳೆಯರೂ ಬಳ್ಳಾರಿ, ಗುಂತಕಲ್ ಮೇಲೆ ಹಾಯ್ದು ವಜ್ರಕರೂರಿಗೆ ಹೋಗಿದ್ದರಂತೆ. ಅನಂತಪುರ ಜಿಲ್ಲೆಯ ಆ ಸೀಮೆಯಲ್ಲೂ, ಪಕ್ಕದ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಕಡೆಯಲ್ಲೂ ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಬಿತ್ತುವವರಿಗಿಂತ ಹುಡುಕುವವರೇ ಹೆಚ್ಚು. ಮಳೆನೀರು ಮೇಲ್ಮಣ್ಣು ತೊಳೆದೊಯ್ದಾಗ ಕಲ್ಲುಗಳು ಮೇಲೆ ಬರುತ್ತವೆ. ಭೂಮಿಯ ಒಳಗೆ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ ಹುಟ್ಟಿದ ವಜ್ರಗಳನ್ನು ಕಿಂಬರ್ಲೈಟ್ ಎಂಬ ಶಿಲೆ ಕೊಳವೆಯಂತೆ ಸೀಳಿಕೊಂಡು ಮೇಲೆ ತಂದಿದೆ. ಅಂಥ ಕೊಳವೆಗಳು ವಜ್ರಕರೂರಿನ ಸುತ್ತ ಇವೆ. ಇದೆಲ್ಲ ಮಾವನಿಗೆ ಬೇಕಾಗಿರಲಿಲ್ಲ.

"ಎಲ್ಲಾರೂ ತಲಿ ಬಗ್ಗಿಸ್ಕಂಡು ಹೊಲದಾಗ ಅಡ್ಡಾಡ್ತಿದ್ರು. ಯಾರಿಗೂ ಯಾರ ಮುಖಾನೂ ಗೊತ್ತಿಲ್ಲ. ಗುಡಿ ಕಟ್ಟಿ ಮ್ಯಾಲೆ ಮಲಗಾದು, ಗಿಡದ ಬುಡಕ ಗಂಜಿ ಕಾಸಾದು. ನನಗೂ ಒಂದು ಹೊಳಿಯೋ ಕಲ್ಲು ಸಿಕ್ತು. ದಲ್ಲಾಳಿ ನೋಡಿದ, ನಕ್ಕ, ಒಗದ." ಮಾವ ಚಹಾ ಕುಡಿದು ಮುಂದುವರಿಸಿದ. "ಖರೇ ವಜ್ರ ಸಿಕ್ಕೋರಿಗೆ ದಲ್ಲಾಳಿ ಏನ್ ಕೊಡ್ತಿದ್ದ ಗೊತ್ತೇನು? ಇಷ್ಟು ರೊಕ್ಕ, ಅದರ ಮ್ಯಾಲೆ ಇಷ್ಟು ತೊಲಿ ಬಂಗಾರ. ವಜ್ರ ಹುಟ್ಟಿದ ಮಣ್ಣಾಗ ಸೈತ ಮಂದಿ ಬಂಗಾರನೇ ಕೇಳ್ತಾರ."

ಕಷ್ಟ ಬಂದರೆ ಅಡ ಇಡಲು ಒದಗುವುದು ಬಂಗಾರವೇ ಎನ್ನಲು ಅವ್ವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ವಿಜಯನಗರದ ಅರಸರಿಗಾದರೂ ಮಾತು ಬೇರೆ ಇತ್ತು. 1535ರ ಹೊತ್ತಿಗೆ ಹಂಪಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಗುತ್ತಿ ಸೀಮೆಯ ಗಣಿಯಲ್ಲಿ 20 ಮಂಜಾಡಿಗಿಂತ ತೂಕದ ವಜ್ರ ಸಿಕ್ಕರೆ ಅದು ಅರಮನೆಯ ಭಂಡಾರಕ್ಕೇ ಸೇರಬೇಕಿತ್ತು ಎಂದು ಬರೆದಿದ್ದಾನೆ. ಭಂಡಾರದಲ್ಲಿಟ್ಟದ್ದನ್ನು ಅಡ ಇಡುವ ಗರಜು ಅರಸನಿಗೆ ಎಲ್ಲಿಯದು?

ಉಂಗುರ ತರಲು ದಾವಣಗೆರೆಗೆ ಹೋದೆವು. ಹುಡುಗಿಯ ಅವ್ವ ಅಳತೆಗೆಂದು ಮಗಳ ಹಳೆಯ ಉಂಗುರವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕಳಿಸಿದ್ದರು. ಅಂಗಡಿಯ ಹುಡುಗ ಕಪ್ಪು ಮಖಮಲ್ಲಿನ ಮೇಲೆ ಸಾಲಾಗಿ ಉಂಗುರ ಇಟ್ಟ. ತಮ್ಮ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದಿದ್ದ. ಕಟ್, ಕಲರ್, ಕ್ಲಾರಿಟಿ ಎಂದು ಕೇಳಿದ. ಅವ್ವ ತೂಕ ಕೇಳಿದಳು.

"ಹರಳು 20 ಸೆಂಟ್ಸ್ ಅಮ್ಮಾ."

ನಮ್ಮ ಕಡೆ ಮದ್ರಾಸ್ ಕಾಲದಿಂದ ಹೊಲ ಅಳೆಯುವುದೂ ಸೆಂಟಿನಲ್ಲೇ. "20 ಸೆಂಟ್ ಅಂದ್ರ ಒಂದು ಹಿತ್ತಲಾತು ಬಿಡು" ಎಂದ ಮಾವ. ಹುಡುಗ ನಗದೆ ಲೆಕ್ಕ ಹೇಳಿದ: ನೂರು ಸೆಂಟ್ಸ್‌ಗೆ ಒಂದು ಕ್ಯಾರೆಟ್, ಒಂದು ಕ್ಯಾರೆಟ್‌ಗೆ 200 ಮಿಲಿಗ್ರಾಂ. ಅಂದರೆ ಆ ಹರಳಿನ ತೂಕ 40 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಜೋಳದ ಕಾಳು. ಅದನ್ನು ಹಿಡಿದಿದ್ದ ಚಿನ್ನ 18 ಕ್ಯಾರೆಟ್‌ದು, ನೂರಕ್ಕೆ 75 ಪಾಲು. 22 ಕ್ಯಾರೆಟ್ ಮೆತ್ತಗಿರುತ್ತದೆ, ಹರಳು ಹಿಡಿದ ಮುಳ್ಳುಗಳು ಸಡಿಲಾಗಬಹುದು ಎಂದ. ಆರು ಅಕ್ಷರ, ಅಂಕಿಯ ಹಾಲ್‌ಮಾರ್ಕ್ ಗುರುತನ್ನು ದುರ್ಬೀನಿನಲ್ಲಿ ತೋರಿಸಿದ. ಅದು ಆ ಏಪ್ರಿಲ್ 1ರಿಂದಷ್ಟೇ ಕಡ್ಡಾಯವಾಗಿತ್ತು. ಪಕ್ಕದ ಟ್ರೇಯಲ್ಲಿ ಲ್ಯಾಬಿನಲ್ಲಿ ಬೆಳೆಸಿದ ವಜ್ರಗಳಿದ್ದವು, ಬೆಲೆ ಬಹಳ ಕಡಿಮೆ. ಅದೂ ಇಂಗಾಲವೇ, ಇದೂ ಇಂಗಾಲವೇ, ಬರಿಗಣ್ಣಿಗೆ ಭೇದವಿಲ್ಲ. ಇದನ್ನು ಕೇಳಿ ಮಾವನ ಮುಖ ಸಣ್ಣದಾಯಿತು; ಅಷ್ಟು ಮಳೆಯಲ್ಲಿ ತಾನು ಬೆನ್ನು ಬಗ್ಗಿಸಿದ್ದು ಯಾತಕ್ಕೆ ಅನ್ನಿಸಿರಬೇಕು.

ಆಮೇಲೆ ಅವ್ವ ತಾನು ಬಂದ ಕೆಲಸ ಮಾಡಿದಳು. "ಅಡಚಣಿ ಬಂತು, ಅಡ ಇಟ್ಟರ ಎಷ್ಟು ಸಿಗತೈತಿ?"

ಹುಡುಗ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಸುತ್ತುಬಳಸಲಿಲ್ಲ. ಬ್ಯಾಂಕಿನವರು ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಸಾಲ ಕೊಡುತ್ತಾರೆ. ವಜ್ರಕ್ಕೆ ಬೆಲೆ ಬೇಕೆಂದರೆ ಬಿಲ್ಲು, ಸರ್ಟಿಫಿಕೇಟ್ ಎರಡೂ ಹಿಡಿದು ಕೊಂಡ ಅಂಗಡಿಗೇ ಬರಬೇಕು, ಅಲ್ಲೂ ಕೊಟ್ಟಷ್ಟು ಬರುವುದಿಲ್ಲ. ಅವ್ವ ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

ತಮ್ಮ ಸೋಲಲು ಸಿದ್ಧನಿರಲಿಲ್ಲ, ಹುಡುಗಿಗೆ ವಿಡಿಯೋ ಕರೆ ಹಚ್ಚಿದ. ಆಕೆ ಹರಪನಹಳ್ಳಿಯ ಮನೆಯಿಂದ ಎಲ್ಲವನ್ನೂ ನೋಡಿದಳು. ಎತ್ತರಕ್ಕೆ ಕೂರಿಸಿದ್ದೆಲ್ಲ ಬೇಡವೆಂದಳು. ಹಿಟ್ಟು ಮೆತ್ತುತ್ತದೆ, ಸೀರೆಯ ದಾರ ಸಿಗಿಬೀಳುತ್ತದೆ. ಕೊನೆಗೆ ಹರಳು ಪಟ್ಟಿಯೊಳಗೇ ಹುದುಗಿದ್ದ ಒಂದನ್ನು ತೋರಿಸಿ, ಇದು ಎಂದಳು. ಅವ್ವ ಫೋನು ಕಸಿದುಕೊಂಡು ಅಡ ಇಡುವ ವಿಷಯ ಎತ್ತಿದಳು.

"ಅತ್ತಿ, ಬೇಜಾರಾಗಬ್ಯಾಡ್ರಿ. ನಮ್ಮವ್ವನ ಬೋರಮಳ ಸರ ನಾನು ಸಣ್ಣಾಕಿದ್ದಾಗಿಂದ ಸೊಸೈಟಿಗೂ ಮನಿಗೂ ಅಡ್ಡಾಡಕತ್ತೈತಿ. ಹಬ್ಬದಾಗ ಆಕಿ ಕೊರಳಾಗ ಅದನ್ನ ನೋಡಿದ್ದೇ ಕಡಿಮಿ. ನನಗ ಯಾರೂ ಕೇಳಲಾರದ್ದು ಒಂದು ಇರಲಿ."

ಅವ್ವ ಸುಮ್ಮನೆ ಫೋನು ವಾಪಸ್ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ, "ಖರೇ ಐತಿ ಆಕಿ ಹೇಳಾದು" ಎಂದಳು. ಅಷ್ಟಕ್ಕೇ ಬಿಡುವವಳಲ್ಲ, ಸೆರಗಿನ ಗಂಟಿನಿಂದ ತನ್ನ ಸ್ವಂತ ರೊಕ್ಕ ತೆಗೆದು 22 ಕ್ಯಾರೆಟ್‌ನ ಗಟ್ಟಿ ಉಂಗುರವೊಂದನ್ನು ಬೇರೆ ಬಿಲ್ಲಿನಲ್ಲಿ ಹಾಕಿಸಿದಳು. ಆಗ ಹತ್ತು ಗ್ರಾಂ ಅಪರಂಜಿಗೆ 60 ಸಾವಿರದ ಆಸುಪಾಸು ಇತ್ತು, ಅದೇ ದುಬಾರಿ ಎಂದು ದಾರಿಯುದ್ದಕ್ಕೂ ಗೊಣಗಿದೆವು. ನಿಶ್ಚಯದ ದಿನ ಸೊಸೆಯ ಬೆರಳಿಗೆ ಎರಡೂ ಏರಿದವು. ಮುಡಿಗೆ ಹಡಗಲಿಯ ಮಲ್ಲಿಗೆ, ಅದರ ಖರ್ಚು ಮಾವನದು.

ಆ ವರ್ಷವೇ ಮಳೆ ಹೋಯಿತು. ಸರಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು, ನಮ್ಮ ಮೆಕ್ಕೆಜೋಳ ತೆನೆ ಕಟ್ಟಲಿಲ್ಲ. ಬೋರ್‌ವೆಲ್ಲಿಗೆ ರೊಕ್ಕ ಹೊಂದಿಸಲು ಅವ್ವ ತಾನು ಕೊಡಿಸಿದ ಉಂಗುರವನ್ನು ಸೊಸೆಯಿಂದ ಕೇಳಿ ಪಡೆದು, ತನ್ನ ಬಳೆಗಳ ಜೊತೆ ಬ್ಯಾಂಕಿಗೆ ಒಯ್ದಳು. ಇನ್ನೊಂದನ್ನು ಕೇಳಲಿಲ್ಲ. ಬೋರಿನಲ್ಲಿ ಒಂದೂವರೆ ಇಂಚು ನೀರು ಬಿತ್ತು. ಮಾವ ಮಾತ್ರ ಇನ್ನೊಮ್ಮೆ ವಜ್ರಕರೂರಿಗೆ ಹೋಗಿಬರುತ್ತೇನೆಂದು ಪ್ರತಿ ಮುಂಗಾರಿಗೂ ಚೀಲ ಕಟ್ಟುತ್ತಾನೆ, ಅತ್ತೆ ಬಿಚ್ಚಿಸುತ್ತಾಳೆ.