ದೂರದಿಂದ ಒತ್ತುವ ಗುಂಡಿ

ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ ನಮಗೆ ಮೊದಲು ನೆನಪಾದುದು ನಮ್ಮ ಶಾಲೆಯ ವಿಜ್ಞಾನದ ಕೊಠಡಿ. ಅಲ್ಲಿ ಮೊಳೆಗೆ ತಾಮ್ರದ ತಂತಿ ಸುತ್ತಿ ವಿದ್ಯುದ್ಘಂಟೆಯನ್ನು ಮಾಡಿ, ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿ ಬೈಸಿಕೊಂಡವರಲ್ಲಿ ನಾವಿಬ್ಬರು ಅಕ್ಕತಂಗಿಯರೂ ಸೇರಿದ್ದೆವು. ಆ ಘಂಟೆಯ ಸಂಬಂಧಿಯೊಂದು ನಮ್ಮ ತೋಟದಲ್ಲಿ ಏನು ಮಾಡಿತೆಂಬುದನ್ನು ಸೋದರಿಯರಲ್ಲಿಯೂ ಪೋಷಕರಲ್ಲಿಯೂ ಅರಿಕೆ ಮಾಡುವೆವು.

ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ, ಜೀವನವು ಹಿಪ್ಪುನೇರಳೆಯಿಂದ. ನಾಲ್ಕನೆಯ ಜ್ವರವೆದ್ದ ರೇಷ್ಮೆಹುಳುವಿನ ಹಸಿವನ್ನು ಬಲ್ಲವರೇ ಬಲ್ಲರು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವುದರೊಳಗೆ ಮನೆಮಂದಿಗೆಲ್ಲ ನಿದ್ರೆಯೆಂಬುದು ಮರೆತಿರುವುದು. ಸೊಪ್ಪಿಗೆ ನೀರು ಬೇಕು, ನೀರಿಗೆ ಮೋಟಾರು, ಮೋಟಾರಿಗೆ ಮೂರು ಫೇಸಿನ ಕರೆಂಟು. ಅದು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ವೇಳೆ ನಡುರಾತ್ರಿಯಲ್ಲಿ, ಬರುತ್ತಿದ್ದಿತು. ತಂದೆಯವರು ಬ್ಯಾಟರಿ ಹಿಡಿದು ಅರ್ಧ ಮೈಲಿ ನಡೆದು ಹಸಿರು ಗುಂಡಿಯನ್ನೊತ್ತಿ ಬರುವರು. ಹಾವಿನ ಭಯ ಹಳೆಯದು. ಕನಕಪುರದ ಕಡೆಯ ಕಾಡುಗಳಿಂದ ಆನೆಗಳು ನಮ್ಮ ತಾಲ್ಲೂಕಿನ ತೋಟಗಳಿಗೂ ಇಳಿಯತೊಡಗಿದ ಮೇಲೆ, ಅವರು ಹಿಂದಿರುಗುವವರೆಗೆ ತಾಯಿಯವರು ಹೊಸ್ತಿಲ ಬಳಿಯೇ ಕುಳಿತಿರುವರು.

2018ನೆಯ ಇಸವಿಯ ಬೇಸಗೆಯಲ್ಲಿ ನಾವು ಈ ಕಾರ್ಯಕ್ಕೆ ಕೈಹಾಕಿದೆವು. ಪುಣೆಯ ‘ನ್ಯಾನೋ ಗಣೇಶ’ ಮೊದಲಾದ ಸಿದ್ಧ ಯಂತ್ರಗಳು ಆಗಲೇ ಮಾರಾಟದಲ್ಲಿದ್ದುವು. ಆದರೂ ಕೈಯಾರೆ ಮಾಡಬೇಕೆಂಬ ಹುಚ್ಚು ನಮಗೆ. ಸಿಮ್ಮು ಹಾಕುವ, ಅಂಚೆಚೀಟಿಯಷ್ಟಗಲದ ‘ಸಿಮ್ 800ಎಲ್’ ಎಂಬ ಮೋಡೆಮು, ಅದರ ಮಾತನ್ನು ಓದುವ ಆರ್ಡುಯಿನೋ ಹಲಗೆ, ಎರಡು ರಿಲೇಗಳು, ಸಾಮಗ್ರಿಯೆಲ್ಲ ಇಷ್ಟೇ. ರಿಲೇಯೆಂದರೆ ನಮ್ಮ ಶಾಲೆಯ ಘಂಟೆಯ ತಂಗಿ: ಸಣ್ಣ ವಿದ್ಯುತ್ಕಾಂತವು ಲೋಹದ ನಾಲಗೆಯನ್ನೆಳೆದು ಬೇರೊಂದು ದಾರಿಯನ್ನು ಕೂಡಿಸುವುದು. ಒಂದನ್ನು ಸ್ಟಾರ್ಟರಿನ ಹಸಿರು ಗುಂಡಿಗೆ ಪಕ್ಕದ ದಾರಿಯಾಗಿಯೂ, ಇನ್ನೊಂದನ್ನು ಕೆಂಪು ಗುಂಡಿಯ ತಂತಿಯ ನಡುವೆಯೂ ಜೋಡಿಸಿದೆವು. ಮೋಡೆಮು ಒಂದು ವಾರ ನಮ್ಮನ್ನು ಕಾಡಿತು. ಅದಕ್ಕೆ ಬೇಕಾದುದು ನಾಲ್ಕು ವೋಲ್ಟು ಮಾತ್ರ. ಆದರೆ ಗೋಪುರದೊಡನೆ ಮಾತನಾಡುವಾಗ ಕ್ಷಣಕಾಲ ಎರಡು ಆಂಪಿಯರಿನವರೆಗೆ ಎಳೆಯುವುದು, ಸಾಲದಾದರೆ ಮೂರ್ಛೆ ಹೋಗುವುದು. 1000 ಮೈಕ್ರೋಫ್ಯಾರಡಿನ ಕೆಪ್ಯಾಸಿಟರೊಂದನ್ನು ಹತ್ತಿರವೇ ಕೂರಿಸಿದ ಮೇಲೆ ಸುಮ್ಮನಾಯಿತು. ಮನೆಯ ಮೂರು ನಂಬರುಗಳಿಂದ ಬಂದ ‘ಆನ್’ ಎಂಬ ಸಂದೇಶಕ್ಕೆ ಮಾತ್ರ ಮೋಟಾರು ತಿರುಗುವುದು. ಆ ರಾತ್ರಿ ಊರೆಲ್ಲ ಗೆದ್ದಷ್ಟು ಹಿಗ್ಗು ನಮಗೆ!

ಒಂದು ಸಂಜೆ ನಾವು ಬೆಂಗಳೂರಿನಿಂದ ಸಂದೇಶ ಕಳುಹಿದೆವು, ಮೋಟಾರು ತಿರುಗಲಿಲ್ಲ. ಊರಿನ ಗೋಪುರ ಕೆಟ್ಟಿದ್ದಿತೆಂದು ಆಮೇಲೆ ತಿಳಿಯಿತು. ಮರುದಿನ ಬೆಳಗ್ಗೆ ತಂದೆಯವರು ಹಳೆಯ ಬಾವಿಯ ಪಂಪಿನ ಮುಂದೆ ಕುಳಿತು ನೀರು ಜಿನುಗುತ್ತಿದ್ದ ಕಡೆ ಗ್ಲ್ಯಾಂಡನ್ನು ಬಿಗಿಮಾಡುತ್ತಿದ್ದರು. ಮೇನ್ ಸ್ವಿಚ್ಚನ್ನು ತೆಗೆದಿರಲಿಲ್ಲ. ಮೂವತ್ತು ವರ್ಷ ತಮ್ಮ ಕೈಯೊತ್ತದೆ ತಿರುಗದಿದ್ದ ಮೋಟಾರು ಅದು. ಅಷ್ಟರಲ್ಲಿ ಗೋಪುರಕ್ಕೆ ಜೀವ ಬಂದು ಹಿಂದಿನ ದಿನದ ಸಂದೇಶ ತಲಪಿತು. ಹೆಗಲ ಟವಲಿನ ತುದಿಯನ್ನು ದಂಡವು ಸುತ್ತಿಕೊಂಡಿತು. ಬಟ್ಟೆ ಹಳೆಯದಾದುದರಿಂದ ಹರಿಯಿತು, ಕುತ್ತಿಗೆ ಉಳಿಯಿತು.

“ಅಲ್ಲ ಕಣ್ರವ್ವ, ನೆನ್ನೆ ಹೇಳಿದ ಮಾತನ್ನ ಇದು ಇವತ್ತು ಕೇಳ್ತದಲ್ಲ!” ಎಂದು ಅವರು ಫೋನಿನಲ್ಲಿ ಹೇಳಿದುದಿಷ್ಟೇ. ನಮಗೆ ಎರಡು ದಿನ ಅನ್ನ ಸೇರಲಿಲ್ಲ.

1992ನೆಯ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣನು ಕ್ರಿಸ್ಮಸ್ ಶುಭಾಶಯವನ್ನು ಮೊದಲ ಸಂದೇಶವಾಗಿ ಕಳುಹಿದನು. ಶುಭಾಶಯವು ಒಂದು ದಿನ ತಡವಾದರೆ ಕೆಡುಕಿಲ್ಲ. ಸಂದೇಶವೆಂಬುದು ಕಾಗದದಂತೆ, ವಿಳಾಸದಾರನು ಸಿಕ್ಕದಿದ್ದರೆ ಕೇಂದ್ರದಲ್ಲಿ ಕಾದಿದ್ದು, ಸಿಕ್ಕಾಗ ಬಟವಾಡೆಯಾಗುವುದು. ಇದನ್ನು ಓದಿಯೂ ನಾವು ಯೋಚಿಸಿರಲಿಲ್ಲ.

ಆದರೆ ಅಂಚೆಯ ಮುದ್ರೆಯಂತೆ ಪ್ರತಿ ಸಂದೇಶದ ಮೇಲೂ ವೇಳೆಯಿರುವುದು. ಕೊನೆಯ +22 ಎಂಬುದು ನಮ್ಮ ದೇಶದ ಐದೂವರೆ ಗಂಟೆಯನ್ನು ಕಾಲುಗಂಟೆಗಳಲ್ಲಿ ಎಣಿಸಿದುದು. ಹಲಗೆಗೊಂದು ಗಡಿಯಾರವನ್ನು ಜೋಡಿಸಿ, ಐದು ನಿಮಿಷಕ್ಕಿಂತ ಹಳೆಯ ಮಾತನ್ನು ಕೇಳಕೂಡದೆಂದು ಬರೆದೆವು. ಮೋಟಾರಿಗೆ ನಿಜವಾಗಿ ಕರೆಂಟು ಹರಿದರೆ ಮಾತ್ರ ‘ತಿರುಗುತ್ತಿದೆ’ ಎಂದು ಉತ್ತರ ಬರುವಂತೆಯೂ ಮಾಡಿದೆವು. ಎಲ್ಲಕ್ಕಿಂತ ಮುಖ್ಯವಾಗಿ ಸ್ಟಾರ್ಟರಿನ ಬಳಿ ‘ಕೈ’, ‘ದೂರ’ ಎಂದು ಬರೆದ ಕೀಲಿಯನ್ನಿಟ್ಟೆವು. ಅದು ‘ಕೈ’ಯ ಕಡೆಗಿದ್ದರೆ ಬೆಂಗಳೂರಿನಿಂದ ಎಷ್ಟು ಕೂಗಿದರೂ ನಡೆಯದು.

ಈಗ ರಾತ್ರಿ ಸಂದೇಶ ಕಳುಹುವವರು ತಾಯಿಯವರೇ; ಉತ್ತರ ನೋಡಿ ಬಾಗಿಲಿಕ್ಕಿ ಮಲಗುವರು. ತಂದೆಯವರು ಮಾತ್ರ ಬೆಳಗಾದೊಡನೆ, ಕಾಲುವೆಗೆ ನೀರು ಬಂದಿತೋ ಇಲ್ಲವೋ ನೋಡುವೆನೆಂದು ಹೊರಟುಹೋಗುವರು.